ಚಿಂಚೋಳಿಯ ಕಾಡು: ನೋಡುವುದು ಹೇಗೆ, ಕಾಯುವುದು ಹೇಗೆ?



ಜೇವರ್ಗಿ ಸೀಮೆಯ ಇಜೇರಿಯಂಥ ಊರಿನಲ್ಲಿ ನೀವು ಬೆಳೆದವರಾದರೆ ಕಾಡು ಎಂಬ ಪದವನ್ನು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ, ಪರದೆಯ ಮೇಲೆ ನೋಡಿರುತ್ತೀರಿ. ಕಾಲಿಂದ ತುಳಿದು ನೋಡಿರುವುದು ಕಡಿಮೆ. ನಿಮ್ಮೂರ ಸುತ್ತ ಇರುವುದು ಎರೆಹೊಲ. ತೊಗರಿ, ಜೋಳ, ಹತ್ತಿ, ಕಡಲೆ. ಬದುವಿನ ಮೇಲೊಂದು ಬೇವು, ಊರ ಮುಂದೊಂದು ಬನ್ನಿ, ಹಳ್ಳದ ದಂಡೆಗೆ ಜಾಲಿ. ಅಡುಗೆ ಒಲೆಗೆ ತೊಗರಿ ಕಟ್ಟಿಗೆ ಮತ್ತು ಕುಳ್ಳು. ಕಾಡಿಲ್ಲದ ಸೀಮೆ ತನ್ನ ಉರುವಲನ್ನು ಹೊಲದಿಂದಲೇ ಹುಟ್ಟಿಸಿಕೊಂಡ ರೀತಿ ಇದು. ಕಲಬುರಗಿ ಜಿಲ್ಲೆಯ ನೆಲದಲ್ಲಿ ಕಾಡಿನ ಪಾಲು ನೂರಕ್ಕೆ ಐದರಷ್ಟೂ ಇಲ್ಲ. ದೇಶದ ಮೂರನೇ ಒಂದು ಭಾಗವಾದರೂ ಮರಗಳ ಹೊದಿಕೆಯಡಿ ಇರಬೇಕೆಂದು 1988ರ ರಾಷ್ಟ್ರೀಯ ಅರಣ್ಯ ನೀತಿ ಗುರಿ ಇಟ್ಟಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಆ ಐದಕ್ಕಿಂತ ಕಡಿಮೆ ಪಾಲಿನಲ್ಲಿ ದೊಡ್ಡ ತುಂಡು ಒಂದಿದೆ. ಜಿಲ್ಲೆಯ ಈಶಾನ್ಯ ಮೂಲೆಯಲ್ಲಿ, ತೆಲಂಗಾಣದ ಗಡಿಗೆ ಒರಗಿಕೊಂಡು ಚಿಂಚೋಳಿ, ಕೊಂಚಾವರಂ ಕಡೆಯ ಕಾಡು. 2011ರ ಡಿಸೆಂಬರಿನಲ್ಲಿ ಸರ್ಕಾರ ಅದರ 134.88 ಚದರ ಕಿಲೋಮೀಟರನ್ನು ವನ್ಯಜೀವಿಧಾಮ ಎಂದು ಘೋಷಿಸಿತು. ಬಂಡೀಪುರ ಇದರ ಆರು ಪಟ್ಟಿಗಿಂತಲೂ ದೊಡ್ಡದು, ಆದರೆ ಬಂಡೀಪುರ ಇರುವುದು ನಿಮ್ಮಿಂದ ರಾಜ್ಯದ ಇನ್ನೊಂದು ತುದಿಗೆ. ಚಿಂಚೋಳಿಗೆ ಕಲಬುರಗಿಯಿಂದ ಬಸ್ಸಿನಲ್ಲಿ ಎರಡು, ಎರಡೂವರೆ ಗಂಟೆ. ಶಾಲೆಯ ಪ್ರವಾಸವೆಂದರೆ ವಿಜಯಪುರದ ಗೋಲಗುಮ್ಮಟ, ಹಂಪಿ ಎಂದಷ್ಟೇ ಯೋಚಿಸುವ ಗುರುಗಳಿಗೆ ಈ ಪುಟವನ್ನು ತೋರಿಸಿ.

ಇದನ್ನು ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಎಂದು ಕರೆಯುವುದುಂಟು. ರಾಣೆಬೆನ್ನೂರಿನ ಕೃಷ್ಣಮೃಗ ಧಾಮ 1974ರಿಂದಲೇ ಇದೆ, ಅದೂ ಬಯಲುಸೀಮೆಯದೇ. ಹಾಗಾಗಿ ‘ಮೊದಲ’ ಎಂಬ ಪದದ ಮೇಲೆ ವಾದ ಮಾಡಬಹುದು. ಪರೀಕ್ಷೆಗೆ ಬಾಯಿಪಾಠ ಮಾಡಬೇಕಾದ ಸಂಗತಿ ಅದಲ್ಲ. ತಿಳಿಯಬೇಕಾದ್ದು ‘ಒಣ’ ಎಂಬ ಪದದ ಅರ್ಥವನ್ನು.

ಒಣಗಿದ ಕಾಡು ಸತ್ತ ಕಾಡಲ್ಲ

ನಮ್ಮ ಕಸುಬಿನ ಒಂದು ದೋಷವನ್ನು ಇಲ್ಲೇ ಹೇಳಿಬಿಡುತ್ತೇನೆ. ಕ್ಯಾಮೆರಾಕ್ಕೆ ಹಸಿರು ಬೇಕು. ಮಂಜು, ಜಲಪಾತ, ಆನೆಯ ಹಿಂಡು, ಸಾಧ್ಯವಾದರೆ ಹುಲಿ. ಕಾಡಿನ ಮೇಲಿನ ಕಾರ್ಯಕ್ರಮಗಳಲ್ಲಿ ನೂರಕ್ಕೆ ತೊಂಬತ್ತು ಸಹ್ಯಾದ್ರಿಯ ಕಡೆಗೇ ಓಡುತ್ತವೆ. ಅದನ್ನೇ ನೋಡಿ ಬೆಳೆದ ಪ್ರೇಕ್ಷಕರು ಮಾರ್ಚಿ ತಿಂಗಳಲ್ಲಿ ಚಿಂಚೋಳಿಗೆ ಬಂದರೆ, ‘ಇದೇನು, ಬರೀ ಕಡ್ಡಿ!’ ಎಂದು ಮುಖ ಸಿಂಡರಿಸುತ್ತಾರೆ. ಎಲೆಯಿಲ್ಲದ ಮರಗಳು, ಕೆಂಪು ಕಲ್ಲು, ಕಾಲಡಿ ಚರಚರ ಎನ್ನುವ ತರಗು. ಇದನ್ನು ಬಂಜರು ಎಂದು ಬರೆದುಬಿಡುವುದು ಸುಲಭ. ಬಂಜರು ಎಂದು ಬರೆದ ಮೇಲೆ ಅದನ್ನು ಬೇರೆ ಕೆಲಸಕ್ಕೆ ಕೊಡುವುದು ಇನ್ನೂ ಸುಲಭ.

ಈ ಮರಗಳು ಎಲೆ ಉದುರಿಸುವುದೇಕೆ? ಲೆಕ್ಕ ಸರಳ. ಎಲೆ ಮರದ ಅಡುಗೆಮನೆ. ಆದರೆ ಅದರ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ನಮ್ಮ ಸೀಮೆಯಲ್ಲಿ ಮಳೆ ಬರುವುದು ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ. ಆಮೇಲೆ ಏಳು ತಿಂಗಳು ಬೇರಿಗೆ ಹೊಸ ನೀರಿಲ್ಲ, ತಲೆಯ ಮೇಲೆ ನಲವತ್ತು ಡಿಗ್ರಿ ದಾಟುವ ಬಿಸಿಲು. ಎಲೆಗಳನ್ನು ಹಿಡಿದುಕೊಂಡರೆ ಬರುವ ಆದಾಯಕ್ಕಿಂತ ನೀರಿನ ಖರ್ಚು ಹೆಚ್ಚು. ಆದ್ದರಿಂದ ಮರ ಎಲೆಯಲ್ಲಿರುವ ಉಪಯುಕ್ತ ಸತ್ವವನ್ನು ಒಳಕ್ಕೆ ಎಳೆದುಕೊಂಡು, ತೊಟ್ಟಿನ ಬುಡದಲ್ಲಿ ತೆಳುವಾದ ಕೋಶಪದರವೊಂದನ್ನು ಬೆಳೆಸಿ, ಎಲೆಯನ್ನು ಕಳಚಿಬಿಡುತ್ತದೆ. ಬರಗಾಲದಲ್ಲಿ ರೈತ ದನಗಳ ಸಂಖ್ಯೆ ಕಡಿಮೆ ಮಾಡಿಕೊಳ್ಳುತ್ತಾನಲ್ಲ, ಹಾಗೆ. ಮರ ಸತ್ತಿಲ್ಲ, ಖರ್ಚು ನಿಲ್ಲಿಸಿದೆ.

ಆ ಹೊತ್ತಿನಲ್ಲೇ ಮುತ್ತಲ ಹೂ ಬಿಡುತ್ತದೆ. ಪತ್ರಾವಳಿ ಹಚ್ಚುವ ಎಲೆಯ ಮುತ್ತಲ ನಿಮಗೆ ಗೊತ್ತೇ ಇದೆ. ಎಲೆಗಳೆಲ್ಲ ಹೋದ ಮೇಲೆ ಕೆಂಡದ ಬಣ್ಣದ ಹೂಗಳು ಯಾವ ಮರೆಯೂ ಇಲ್ಲದೆ ದೂರದ ಹಕ್ಕಿಗಳಿಗೆ ಕಾಣುತ್ತವೆ. ಹಕ್ಕಿ ಬಂದು ಕೊಕ್ಕು ಹಾಕಿದರೆ ಪರಾಗಸ್ಪರ್ಶವಾಗುತ್ತದೆ. ಮಳೆಗಾಲಕ್ಕೆ ಮೊದಲೇ ಬೀಜ ಸಿದ್ಧವಾಗಿ ನೆಲಕ್ಕೆ ಬಿದ್ದಿರಬೇಕು ಎಂಬುದು ಇಲ್ಲಿನ ಅನೇಕ ಮರಗಳ ಪಂಚಾಂಗ. ಸಾಗುವಾನಿ ಮಾತ್ರ ಮಳೆಗಾಲದಲ್ಲಿ ಹೂ ಬಿಡುತ್ತದೆ. ಇವುಗಳ ಜೊತೆಗೆ ದಿಂಡಿಗ, ಬೇವು, ಜಾಲಿಯ ಬಗೆಗಳು, ಬೀಡಿ ಕಟ್ಟುವ ಎಲೆಯ ತುಮರಿ. ಅಲ್ಲಲ್ಲಿ ಶ್ರೀಗಂಧ, ರಕ್ತಚಂದನವೂ ಉಂಟು. ಅರಣ್ಯ ಇಲಾಖೆ ಬೆಳೆಸಿದ ಸಾಗುವಾನಿ ಮತ್ತು ಜಾಲಿಯ ನೆಡುತೋಪುಗಳೂ ಸೇರಿವೆ. ಸಾಲು ಸಾಲಾಗಿ ಒಂದೇ ವಯಸ್ಸಿನ ಮರಗಳು ನಿಂತಿದ್ದರೆ ಅದು ನೆಟ್ಟ ತೋಪು. ಹಿರಿಯ, ಕಿರಿಯ, ಸೊಟ್ಟ, ನೆಟ್ಟಗೆ ಎಲ್ಲ ಕಲೆತು ನಿಂತಿದ್ದರೆ ಅದು ತಾನಾಗಿ ಬೆಳೆದ ಕಾಡು. ಈ ವ್ಯತ್ಯಾಸವನ್ನು ಹೋದ ಮೊದಲ ಗಂಟೆಯಲ್ಲೇ ಗುರುತಿಸಲು ಕಲಿಯಿರಿ.

ಪ್ರಾಣಿಗಳೂ ಈ ಒಣ ನೆಲಕ್ಕೆ ಹೊಂದಿದವೇ. ಚಿಗರಿ, ನರಿ, ತೋಳ, ಕತ್ತೆಕಿರುಬ, ಕೊಂಡುಕುರಿ. ಕೊಂಡುಕುರಿಯ ಗಂಡಿಗೆ ತಲೆಯ ಮೇಲೆ ನಾಲ್ಕು ಕೊಂಬು; ಕಾಡುಪ್ರಾಣಿಗಳಲ್ಲಿ ಅಂಥ ಇನ್ನೊಂದಿಲ್ಲ. ಭಾರತ ಮತ್ತು ನೇಪಾಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದು ಇಲ್ಲ. ಕತ್ತೆಕಿರುಬ ಇರುಳಿನ ಪ್ರಾಣಿ, ನಿಮಗೆ ಕಾಣುವುದು ಅಪರೂಪ. ಆದರೆ ಸುಣ್ಣದಂತೆ ಬಿಳಿಯಾಗಿ ಒಣಗಿದ ಅದರ ಲದ್ದಿ ಕಂಡರೂ ಕಂಡೀತು. ಎಲುಬನ್ನೇ ಅಗಿದು ಅರಗಿಸಿಕೊಳ್ಳುವ ಪ್ರಾಣಿಯ ಲದ್ದಿಯಲ್ಲಿ ಕ್ಯಾಲ್ಸಿಯಂ ತುಂಬಿರುತ್ತದೆ. ಸತ್ತ ದನದ ಎಲುಬು ಊರ ಹೊರಗೆ ಕೊಳೆಯದಂತೆ ನೋಡಿಕೊಳ್ಳುವ ಕೆಲಸಗಾರ ಅದು. ಸಂಬಳವಿಲ್ಲ, ಹೆಸರೂ ಕೆಟ್ಟದ್ದು.

ತೋಳದ ಹೆಸರಂತೂ ಇನ್ನೂ ಕೆಟ್ಟದ್ದು. ಕುರಿ ಹಿಂಡಿಗೆ ಬೀಳುವ ಪ್ರಾಣಿಯನ್ನು ಕುರುಬರು ಪ್ರೀತಿಸಬೇಕೆಂದು ಪೇಟೆಯಲ್ಲಿ ಕುಳಿತು ಹೇಳುವುದು ನ್ಯಾಯವಲ್ಲ. ಆದರೂ ಒಂದು ಮಾತು ಗಮನಿಸಿ: ತೋಳ ದಟ್ಟ ಕಾಡಿನ ಪ್ರಾಣಿಯಲ್ಲ, ಕುರುಚಲು ಮತ್ತು ಹುಲ್ಲುಗಾವಲಿನದು. ನಾವು ಯಾವ ನೆಲವನ್ನು ‘ಪಾಳು’ ಎನ್ನುತ್ತೇವೋ ಅದೇ ಅದರ ಮನೆ. ಪಾಳು ನೆಲವೆಲ್ಲ ಉಳುಮೆಗೆ, ಕಲ್ಲುಗಣಿಗೆ, ಬಡಾವಣೆಗೆ ಹೋದ ಹಾಗೆಲ್ಲ ತೋಳಕ್ಕೆ ಚಿಗರಿ, ಮೊಲ ಸಿಗದೆ ಕುರಿಹಟ್ಟಿಯೇ ಗತಿಯಾಗುತ್ತದೆ. ಹುಲಿಗೆ ಸಿಕ್ಕ ಪ್ರಚಾರದ ಹತ್ತರಲ್ಲೊಂದು ಪಾಲೂ ನಮ್ಮ ಬಯಲುಸೀಮೆಯ ತೋಳಕ್ಕೆ ಸಿಕ್ಕಿಲ್ಲ.

ಈ ಕಾಡು ಇಲ್ಲಿಯೇ ಏಕೆ ಉಳಿಯಿತು?

ನಕಾಶೆ ಬಿಡಿಸಿ ನೋಡಿ. ಜಿಲ್ಲೆಯ ಉಳಿದ ಭಾಗದಲ್ಲೆಲ್ಲ ಹೆಚ್ಚಾಗಿ ಕಪ್ಪುಮಣ್ಣು, ಬಿತ್ತಿದರೆ ಬೆಳೆ. ಶತಮಾನಗಳ ಹಿಂದೆಯೇ ಅದು ನೇಗಿಲಿಗೆ ಒಳಗಾಯಿತು. ಚಿಂಚೋಳಿಯ ಮೇಲುಭಾಗದಲ್ಲಿ ಬೀದರ್ ಕಡೆಯಿಂದ ಚಾಚಿಕೊಂಡ ಕೆಂಪು ಜಂಬಿಟ್ಟಿಗೆಯ ದಿಣ್ಣೆಗಳಿವೆ. ಉಳುಮೆಗೆ ಅಷ್ಟು ಒಲಿಯದ ನೆಲ. ನೇಗಿಲು ಬಿಟ್ಟದ್ದನ್ನು ಕಾಡು ಉಳಿಸಿಕೊಂಡಿತು.

ಜಂಬಿಟ್ಟಿಗೆಗೆ ಇನ್ನೊಂದು ಗುಣವಿದೆ. ಅದು ತೂತು ತೂತಾದ ಕಲ್ಲು. ಮಳೆನೀರನ್ನು ಸ್ಪಂಜಿನಂತೆ ಕುಡಿದು ಕೆಳಕ್ಕೆ ಬಿಡುತ್ತದೆ. ಅದರಡಿಯ ಗಟ್ಟಿ ಕಪ್ಪುಶಿಲೆ ನೀರನ್ನು ತಡೆಯುತ್ತದೆ. ತಡೆದ ನೀರು ದಿಣ್ಣೆಯ ಪಕ್ಕೆಯಿಂದ ಒಸರುತ್ತದೆ. ಬಹಮನಿ ಸುಲ್ತಾನರ ಕಾಲದಲ್ಲಿ ಬೀದರಿನಲ್ಲಿ ತೋಡಿದ ಸುರಂಗ ಬಾವಿಗಳು ಈ ಗುಣವನ್ನೇ ಬಳಸಿಕೊಂಡವು. ಚಿಂಚೋಳಿಯ ಕಾಡಿನ ಹಳ್ಳಗಳಿಗೂ ಇದೇ ಆಧಾರ. ಎತ್ತಿಪೋತದ ಜಲಪಾತ ಮಳೆಗಾಲದಲ್ಲಿ ಸದ್ದು ಮಾಡುವುದು, ಆಮೇಲೂ ಕೆಲವು ಹಳ್ಳಗಳಲ್ಲಿ ಜಿನುಗು ಉಳಿಯುವುದು ಇದರಿಂದ. ಎತ್ತಿಪೋತ ಎಂಬ ಹೆಸರೇ ತೆಲುಗಿನದು. ಗಡಿಯಲ್ಲಿ ನೀರಿಗೆ ಮಾತ್ರವಲ್ಲ, ಮಾತಿಗೂ ಬೇಲಿಯಿಲ್ಲ. ಚಂದ್ರಂಪಳ್ಳಿಯ ಬಳಿ 1970ರ ದಶಕದಲ್ಲಿ ಕಟ್ಟಿದ ಅಣೆಕಟ್ಟಿನ ಹಿಂದೆ ನಿಂತ ನೀರು ಬೇಸಿಗೆಯಲ್ಲಿ ಪ್ರಾಣಿಗಳಿಗೂ ಆಸರೆ, ಕೆಳಗಿನ ಹೊಲಗಳಿಗೂ ಆಸರೆ.

ಚಿಂಚೋಳಿಯ ಪಕ್ಕದ ಮುಲ್ಲಾಮಾರಿ ಹೊಳೆ ಕಾಗಿಣಾವನ್ನು ಸೇರುತ್ತದೆ. ಕಾಗಿಣಾ ರಾಷ್ಟ್ರಕೂಟರ ಮಳಖೇಡವನ್ನು ಹಾದು, ಶಹಾಬಾದ್ ಬಳಿಯ ಹೊನಗುಂಟಾದಲ್ಲಿ ಭೀಮೆಗೆ ಕೂಡುತ್ತದೆ. ಜೇವರ್ಗಿ ಸೀಮೆಯ ಹೊಲದ ನೀರೂ ಚಿಂಚೋಳಿಯ ಕಾಡಿನ ನೀರೂ ಕೊನೆಗೆ ಒಂದೇ ಹೊಳೆಯಲ್ಲಿ ಹರಿಯುತ್ತವೆ. ಹಾಗೆಂದು ಕಾಡೊಂದಿದ್ದರೆ ಪ್ರವಾಹವೇ ಬಾರದು ಎಂದು ಯಾರಾದರೂ ಭಾಷಣ ಮಾಡಿದರೆ ಚಪ್ಪಾಳೆ ತಟ್ಟಬೇಡಿ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಊರುಗಳಿಗೆ ನುಗ್ಗಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಅಷ್ಟು ದೊಡ್ಡ ಮಳೆಗೆ, ಮೇಲಿನ ಜಲಾಶಯಗಳಿಂದ ಬಿಟ್ಟ ನೀರಿಗೆ, ಒಂದು ಮೂಲೆಯ ಕಾಡು ಅಡ್ಡ ನಿಲ್ಲಲಾರದು. ಕಾಡು ಮಾಡುವ ಕೆಲಸ ಬೇರೆ, ಅದು ಪ್ರತಿ ವರ್ಷದ ಕೆಲಸ: ಹನಿಯ ಹೊಡೆತವನ್ನು ತಗ್ಗಿಸುವುದು, ಮಣ್ಣನ್ನು ಹಿಡಿದಿಡುವುದು, ನೀರನ್ನು ನಿಧಾನ ಮಾಡುವುದು.

ಇದನ್ನು ನಂಬಬೇಕಾಗಿಲ್ಲ, ನೋಡಬಹುದು. ಒಂದು ಲೀಟರಿನ ಎರಡು ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನು ಅಡ್ಡ ಮಲಗಿಸಿ, ಮೇಲ್ಭಾಗವನ್ನು ಉದ್ದಕ್ಕೆ ಕತ್ತರಿಸಿ ತೊಟ್ಟಿಯಂತೆ ಮಾಡಿ. ಎರಡಕ್ಕೂ ಬಾಯಿಯ ಮಟ್ಟದವರೆಗೆ ಒಂದೇ ಹೊಲದ ಮಣ್ಣು ತುಂಬಿ ಮೆಲ್ಲಗೆ ಒತ್ತಿ. ಒಂದರ ಮೇಲೆ ಒಣ ಎಲೆ, ಕಡ್ಡಿ, ಹುಲ್ಲಿನ ತರಗನ್ನು ಎರಡು ಬೆರಳು ದಪ್ಪಕ್ಕೆ ಹರಡಿ. ಇನ್ನೊಂದನ್ನು ಹಾಗೇ ಬಿಡಿ. ಬಾಯಿಯ ಕಡೆ ಸ್ವಲ್ಪ ಇಳಿಜಾರು ಬರುವಂತೆ ಇಟ್ಟು, ಬಾಯಿಯ ಕೆಳಗೆ ಒಂದೊಂದು ಲೋಟ ಇಡಿ. ಈಗ ಗಿಡಕ್ಕೆ ನೀರುಣಿಸುವ ಜರಡಿ ಬಾಯಿಯ ಡಬ್ಬಿಯಿಂದ ಎರಡಕ್ಕೂ ಸಮನಾಗಿ ನೀರು ಸುರಿಯಿರಿ. ಬರಿಮಣ್ಣಿನ ಲೋಟ ಬೇಗ ತುಂಬುತ್ತದೆ, ನೀರು ಅಂಬಲಿಯಂತೆ ಕದಡಿರುತ್ತದೆ. ತರಗಿನ ಲೋಟಕ್ಕೆ ತಡವಾಗಿ ನೀರು ಬರುತ್ತದೆ, ಕಡಿಮೆ ಬರುತ್ತದೆ, ತಿಳಿಯಾಗಿರುತ್ತದೆ. ಎರಡೂ ಲೋಟಗಳನ್ನು ಒಂದು ರಾತ್ರಿ ಅಲುಗಿಸದೆ ಇಟ್ಟು, ತಳದಲ್ಲಿ ಕೂತ ಕೆಸರನ್ನು ಅಳತೆಪಟ್ಟಿಯಿಂದ ಅಳೆಯಿರಿ. ಆ ಕೆಸರೇ ಕೆರೆ, ಜಲಾಶಯಗಳಲ್ಲಿ ತುಂಬುವ ಹೂಳು. ವಿಜ್ಞಾನ ಪ್ರದರ್ಶನಕ್ಕೆ ಜ್ವಾಲಾಮುಖಿಯ ಮಾದರಿ ಮಾಡಿ ಮಾಡಿ ಬೇಸರವಾಗಿದ್ದರೆ ಇದನ್ನು ಮಾಡಿ, ಕಾಸಿನ ಖರ್ಚಿಲ್ಲ.

ಬೆಂಕಿ

ಎಲೆ ಉದುರುವುದು ಮರಕ್ಕೆ ಜಾಣತನ, ಆದರೆ ಉದುರಿದ ಎಲೆ ನೆಲದ ಮೇಲೆ ಒಣ ಉರುವಲು. ಫೆಬ್ರುವರಿಯಿಂದ ಮೇ ತಿಂಗಳವರೆಗೆ ಇಂಥ ಕಾಡಿಗೆ ಬೇಕಾದುದು ಒಂದೇ ಕಿಡಿ. ಸಿಡಿಲಿನಿಂದ ಬೆಂಕಿ ಹತ್ತುವುದು ನಮ್ಮಲ್ಲಿ ಅಪರೂಪ. ಬಿದಿರು ಉಜ್ಜಿ ಹತ್ತಿತು ಎನ್ನುವುದು ಹೆಚ್ಚಾಗಿ ಕತೆ. ಬೆಂಕಿ ಹಚ್ಚುವುದು ಮನುಷ್ಯರೇ. ಎಸೆದ ಬೀಡಿ ತುಂಡು, ಅಡುಗೆ ಮಾಡಿ ಆರಿಸದೆ ಹೋದ ಒಲೆ, ಹೊಸ ಹುಲ್ಲು ಚಿಗುರಲೆಂದು ಬೇಕೆಂದೇ ಇಟ್ಟ ಕಡ್ಡಿ.

ಹುಲ್ಲು ಚಿಗುರುವುದು ನಿಜವೇ? ನಿಜ. ಒಣ ಹುಲ್ಲು ಸುಟ್ಟು ಬೂದಿಯಾದಾಗ ಅದರ ಖನಿಜಗಳು ನೆಲಕ್ಕೆ ಒಮ್ಮೆಲೇ ಸಿಗುತ್ತವೆ, ನೆಲಕ್ಕೆ ಬೆಳಕೂ ಬೀಳುತ್ತದೆ. ದನಗಾಹಿ ತಿಳಿಗೇಡಿಯಲ್ಲ, ಕಣ್ಣಾರೆ ಕಂಡದ್ದನ್ನೇ ಮಾಡುತ್ತಾನೆ. ಕಾಣದಿರುವುದು ಉಳಿದ ಲೆಕ್ಕ. ಬೂದಿಯಲ್ಲಿ ಹೆಚ್ಚು ಪಾಲನ್ನು ಮೊದಲ ಮಳೆಯೇ ತೊಳೆದೊಯ್ಯುತ್ತದೆ. ದೊಡ್ಡ ಮರ ದಪ್ಪ ತೊಗಟೆಯಿಂದ ಬದುಕಿಕೊಳ್ಳುತ್ತದೆ, ಬೆರಳುದ್ದದ ಸಸಿ ಸಾಯುತ್ತದೆ. ವರ್ಷ ವರ್ಷವೂ ಹೀಗಾದರೆ ಆ ಕಾಡಿನಲ್ಲಿ ಅಜ್ಜಂದಿರಿರುತ್ತಾರೆ, ಮೊಮ್ಮಕ್ಕಳಿರುವುದಿಲ್ಲ. ನೆಲದ ಮೇಲೆ ಮೊಟ್ಟೆಯಿಡುವ ಗೌಜುಗದಂಥ ಹಕ್ಕಿಗಳ ಗೂಡು ಸುಡುತ್ತದೆ. ತರಗು ಹೋದ ಮೇಲೆ ನಿಮ್ಮ ಬಾಟಲಿಯ ಪ್ರಯೋಗದಲ್ಲಿ ಬರಿಮಣ್ಣಿಗೆ ಆದದ್ದೇ ಇಡೀ ಗುಡ್ಡಕ್ಕೆ ಆಗುತ್ತದೆ.

ಇಷ್ಟಾದರೂ ಎಲ್ಲ ಬೆಂಕಿಯೂ ಒಂದೇ ಅಲ್ಲ ಎಂಬುದನ್ನು ಕಾಲೇಜು ವಿದ್ಯಾರ್ಥಿಗಳಾದರೂ ತಿಳಿದಿರಬೇಕು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ‘ತರಗು ಬೆಂಕಿ’ ಎಂಬ ಪದ್ಧತಿ ಇಟ್ಟುಕೊಂಡಿದ್ದರು. ಬೇಸಿಗೆ ಬಲಿಯುವ ಮೊದಲೇ, ತರಗು ಇನ್ನೂ ಕಡಿಮೆ ಇರುವಾಗ, ನೆಲದ ಮೇಲಷ್ಟೇ ಹರಿದುಹೋಗುವ ಸಣ್ಣ ಬೆಂಕಿ. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿತು, ಉರುವಲು ರಾಶಿಬಿದ್ದು ಬೆಂಕಿ ಬಿದ್ದಾಗ ದೊಡ್ಡದಾಗಿಯೇ ಬೀಳತೊಡಗಿತು ಎಂಬುದು ಸೋಲಿಗರ ಅನುಭವ. ವಿಜ್ಞಾನಿಗಳೂ ಇದನ್ನು ಅಭ್ಯಾಸ ಮಾಡಿದ್ದಾರೆ, ಚರ್ಚೆ ಮುಗಿದಿಲ್ಲ. ಅರಣ್ಯ ಇಲಾಖೆಯೂ ಬೇಸಿಗೆಗೆ ಮೊದಲು ಬೆಂಕಿರೇಖೆ ತೆಗೆಯುತ್ತದೆ. ದಾರಿಯ ಬದಿ, ಕಾಡಿನ ಅಂಚುಗಳಲ್ಲಿ ಪಟ್ಟಿಯಾಗಿ ಹುಲ್ಲು ಕೊಯ್ದು, ಕಾವಲಿಟ್ಟು ಸುಡುತ್ತಾರೆ. ಅಲ್ಲಿಗೆ ಬಂದ ಬೆಂಕಿಗೆ ತಿನ್ನಲು ಏನೂ ಸಿಗುವುದಿಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗ ಇಡೀ ನಾಡು ಮಾತಾಡಿತು. ಚಿಂಚೋಳಿಯಂಥ ಕಡೆ ಬೀಳುವ ಬೆಂಕಿಗೆ ಸುದ್ದಿಯ ಭಾಗ್ಯವೂ ಇಲ್ಲ.

ಸುದ್ದಿಯಾಗದಿದ್ದರೂ ಆಕಾಶದಿಂದ ಕಾಣುತ್ತದೆ. ಭೂಮಿಯನ್ನು ಸುತ್ತುವ ಕೆಲವು ಉಪಗ್ರಹಗಳಲ್ಲಿ ಶಾಖದ ಕಿರಣಗಳನ್ನು ಗುರುತಿಸುವ ಉಪಕರಣಗಳಿವೆ. ಸುತ್ತಲಿನ ನೆಲಕ್ಕಿಂತ ಒಂದು ಚುಕ್ಕೆ ಹೆಚ್ಚು ಬಿಸಿಯಾಗಿ ಕಂಡರೆ ಅದು ಬೆಂಕಿಯ ಅನುಮಾನ. ‘ವಿರ್ಸ್’ ಎಂಬ ಉಪಕರಣಕ್ಕೆ ಒಂದು ಚುಕ್ಕೆ ಎಂದರೆ ನೆಲದ ಮೇಲೆ 375 ಮೀಟರ್. ದೆಹರಾದೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದ ಇಂಥ ಮಾಹಿತಿಯನ್ನು ಬಳಸುತ್ತಿದೆ. ಈಗ ಅದು ಮೊಬೈಲ್ ಸಂದೇಶವಾಗಿ ಆಯಾ ಕಾಡಿನ ಸಿಬ್ಬಂದಿಗೆ ಬರುತ್ತದೆ, ಆಸಕ್ತ ಸಾರ್ವಜನಿಕರೂ ಹೆಸರು ನೋಂದಾಯಿಸಿಕೊಳ್ಳಬಹುದು. ನಮ್ಮ ಜಿಲ್ಲೆಗೂ ಉಪಗ್ರಹಕ್ಕೂ ಹಳೆಯ ನಂಟು. 1975ರ ಆಗಸ್ಟಿನಿಂದ ಒಂದು ವರ್ಷ, ‘ಸೈಟ್’ ಎಂಬ ಪ್ರಯೋಗದಲ್ಲಿ ದೇಶದ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟೀವಿ ಕಾರ್ಯಕ್ರಮ ಬಂತಲ್ಲ, ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲಬರ್ಗಾ, ವಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನೇ. ಅಂದು ಆಕಾಶ ನಮಗೆ ತೋರಿಸಿತು, ಈಗ ನಮ್ಮನ್ನು ನೋಡುತ್ತಿದೆ. ಆದರೆ ಸಂದೇಶ ಬಂದ ಮೇಲೆ ಹಸಿರು ಟೊಂಗೆ ಹಿಡಿದು ಬೆಂಕಿ ಬಡಿಯಲು ಗುಡ್ಡ ಹತ್ತಬೇಕಾದವರು ಅರಣ್ಯ ವೀಕ್ಷಕರು ಮತ್ತು ಪಕ್ಕದ ತಾಂಡಾದವರು. ಉಪಗ್ರಹ ಇಳಿದು ಬರುವುದಿಲ್ಲ.

ಯಾರ ಕಾಡು?

ಇದು ಸಾರ್ವಜನಿಕ ಕಾಡು ಎನ್ನುತ್ತೇವೆ. ಹಾಗಿದ್ದರೆ ಒಳಗೆ ಹೋಗಲು ಅನುಮತಿ ಏಕೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮದೊಳಗೆ ಅಭ್ಯಾಸಕ್ಕೆ, ಛಾಯಾಗ್ರಹಣಕ್ಕೆ, ಪ್ರವಾಸಕ್ಕೆ ಹೋಗುವವರು ಪರವಾನಗಿ ಪಡೆಯಬೇಕು. ಗ್ರಂಥಾಲಯ ಸಾರ್ವಜನಿಕರದ್ದೇ ಆದರೂ ಪುಸ್ತಕ ಒಯ್ಯುವಾಗ ಹೆಸರು ಬರೆಸುತ್ತೀರಲ್ಲ, ಅದೇ ನ್ಯಾಯ. ಒಳಗೆ ಬೆಂಕಿ ಹಚ್ಚುವುದು, ಪ್ರಾಣಿಗಳನ್ನು ಕೆಣಕುವುದು, ಕಸ ಎಸೆಯುವುದು, ಇವು ಕೆಟ್ಟ ನಡತೆ ಮಾತ್ರವಲ್ಲ. ಆ ಕಾಯ್ದೆಯಲ್ಲೇ ನಿಷೇಧಿಸಿದ ಕೃತ್ಯಗಳು.

ಪ್ರವಾಸಿಗೆ ಈ ಉತ್ತರ ಸಾಕು. ಕಾಡಿನೊಳಗೆ ಮತ್ತು ಅಂಚಿನಲ್ಲಿ ಬದುಕುತ್ತಿರುವ ಲಂಬಾಣಿ ತಾಂಡಾಗಳಿಗೆ ಸಾಲದು. ಅವರಿಗೆ ಕಾಡೆಂದರೆ ದನದ ಮೇವು, ಒಲೆಯ ಕಟ್ಟಿಗೆ, ತುಂಡು ಹೊಲ. ವನ್ಯಜೀವಿಧಾಮವಾದ ಮೇಲೆ ರಸ್ತೆ, ವಿದ್ಯುತ್ತು, ಕೊಳವೆಬಾವಿ ಎಲ್ಲದಕ್ಕೂ ಅನುಮತಿಯ ಪ್ರಶ್ನೆ. 2006ರ ಅರಣ್ಯ ಹಕ್ಕು ಕಾಯ್ದೆ ಇಂಥವರಿಗೆಂದೇ ಬಂತು. ಆದರೆ ಅದರಲ್ಲಿ ಪರಿಶಿಷ್ಟ ಪಂಗಡದವರಿಗೆ ಒಂದು ಅಳತೆ, ಉಳಿದವರಿಗೆ ಇನ್ನೊಂದು. ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿದ್ದರೆ ಸಾಕು. ಉಳಿದವರು ಆ ದಿನಕ್ಕೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ಅವಲಂಬಿಸಿ ಅಲ್ಲಿ ವಾಸವಿದ್ದರೆಂದು ತೋರಿಸಬೇಕು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ. ಒಂದೇ ಭಾಷೆಯಾಡುವ, ಪರಸ್ಪರ ಹೆಣ್ಣು ಕೊಟ್ಟು ತರುವ ಜನಕ್ಕೆ ಗುಡ್ಡದ ಆ ಮಗ್ಗುಲಲ್ಲಿ ಒಂದು ಕಾನೂನು, ಈ ಮಗ್ಗುಲಲ್ಲಿ ಇನ್ನೊಂದು. ಈ ಮಗ್ಗುಲಿನವರು 1930ರ ಕಾಲದ ಪುರಾವೆ ಹುಡುಕಬೇಕು. ಆಗ ಈ ಸೀಮೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು, ಸರ್ಕಾರಿ ಕಾಗದಪತ್ರ ಉರ್ದುವಿನಲ್ಲಿ. ಓದು ಬರಹವಿಲ್ಲದ ಅಜ್ಜನೊಬ್ಬ ಉರ್ದು ಕಾಗದ ಜೋಪಾನವಾಗಿ ಇಟ್ಟಿರಬೇಕೆಂದು ಬಯಸುವುದು ಎಷ್ಟು ಸರಿ, ಯೋಚಿಸಿ.

ಇತ್ತೀಚಿನ ವರ್ಷಗಳಲ್ಲಿ ಒಳಗಿನ ತಾಂಡಾಗಳನ್ನು ಹೊರಗೆ ಸ್ಥಳಾಂತರಿಸಬೇಕೆಂಬ ಮಾತೂ ನಡೆದಿದೆ, ವನ್ಯಜೀವಿಧಾಮದ ಘೋಷಣೆಯನ್ನೇ ಹಿಂತೆಗೆದುಕೊಳ್ಳಬೇಕೆಂಬ ಒತ್ತಾಯವೂ ಕೇಳಿಬಂದಿದೆ. ನನ್ನ ಅಭಿಪ್ರಾಯ ಕೇಳಿದರೆ, ಜಿಲ್ಲೆಯಲ್ಲಿ ಉಳಿದಿರುವ ಒಂದೇ ದೊಡ್ಡ ಕಾಡಿನ ರಕ್ಷಣೆಯನ್ನು ಬಿಟ್ಟುಕೊಟ್ಟರೆ ಅದು ಹಿಂದಕ್ಕೆ ಬರುವುದಿಲ್ಲ. ತಾಂಡಾದವರನ್ನು ಶತ್ರುಗಳಂತೆ ಕಂಡು ಅದನ್ನು ಕಾಯುವುದೂ ಆಗದ ಮಾತು. ಬೆಂಕಿ ಬಿದ್ದ ದಿನ ಮೊದಲು ಓಡಿ ಬರಬೇಕಾದವರು ಅವರೇ ತಾನೆ? ನೀವು ಒಪ್ಪಬೇಕೆಂದಿಲ್ಲ. ತರಗತಿಯಲ್ಲಿ ಚರ್ಚಾಸ್ಪರ್ಧೆಗೆ ಇದನ್ನೇ ವಿಷಯವಾಗಿ ಇಟ್ಟುಕೊಳ್ಳಿ, ಆದರೆ ಎರಡೂ ಪಕ್ಷದವರು ಮೊದಲು ಕಾಯ್ದೆಗಳನ್ನು ಓದಿ ಬನ್ನಿ.

ಹೋಗುವಿರಾದರೆ

ಆಗಸ್ಟಿನಿಂದ ಜನವರಿವರೆಗೆ ಒಳ್ಳೆಯ ಕಾಲ. ಒಮ್ಮೆ ಮಳೆಗಾಲದಲ್ಲೂ ಒಮ್ಮೆ ಫೆಬ್ರುವರಿಯಲ್ಲೂ ಹೋಗಲಾದರೆ ಒಂದೇ ಕಾಡಿನ ಎರಡು ಮುಖ ನೋಡಿದಂತಾಗುತ್ತದೆ. ಗುರುಗಳ ಮೂಲಕ ಅರಣ್ಯ ಇಲಾಖೆಯ ಕಚೇರಿಗೆ ಮುಂಚಿತವಾಗಿ ಪತ್ರ ಬರೆಯಿಸಿ, ಅನುಮತಿ ಸಿಕ್ಕ ಮೇಲೆಯೇ ಹೊರಡಿ. ಜೊತೆಗೆ ಸಿಬ್ಬಂದಿಯೊಬ್ಬರನ್ನು ಕೊಟ್ಟರೆ ಅದು ಭಾಗ್ಯವೆಂದು ತಿಳಿಯಿರಿ. ಹೆಜ್ಜೆ ಗುರುತು ನೋಡಿ ಪ್ರಾಣಿಯ ಹೆಸರು ಹೇಳುವವರು ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ: ಕೆಡುವುದಿಲ್ಲ, ಬಟ್ಟೆಯಲ್ಲಿ ಕಟ್ಟಿದರೆ ಕಸವೂ ಆಗುವುದಿಲ್ಲ. ಕುರುಕಲು ತಿಂಡಿಯ ಪೊಟ್ಟಣದ ವಾಸನೆಗೆ ಚಿಗರಿ ಬಾಯಿ ಹಾಕಿದರೆ ಪ್ಲಾಸ್ಟಿಕ್ ಹೊಟ್ಟೆಯಲ್ಲೇ ಉಳಿಯುತ್ತದೆ. ಮಂಗಗಳಿಗೆ ತಿನ್ನಲು ಕೊಡಬೇಡಿ. ಇಂದು ನೀವು ಕೊಟ್ಟ ಬಿಸ್ಕತ್ತಿಗಾಗಿ ನಾಳೆ ಅವು ತಾಂಡಾದ ಮಗುವಿನ ಕೈಗೆ ಹಾರುತ್ತವೆ. ಚಂದ್ರಂಪಳ್ಳಿಯ ನೀರು ತಿಳಿಯಾಗಿ, ಆಳವಿಲ್ಲದಂತೆ ಕಾಣುತ್ತದೆ. ಅಣೆಕಟ್ಟಿನ ನೀರಿನ ತಳ ಎಲ್ಲಿ ಇಳಿಯುತ್ತದೆಂದು ದಂಡೆಯ ಮೇಲೆ ನಿಂತವರಿಗೆ ತಿಳಿಯದು. ಈಜು ಬಂದರೂ ಇಳಿಯಬೇಡಿ. ಇದೊಂದನ್ನು ನಾನು ಉಪದೇಶವಾಗಿ ಅಲ್ಲ, ಆಜ್ಞೆಯಾಗಿಯೇ ಹೇಳುತ್ತಿದ್ದೇನೆ.

ಮೊಬೈಲ್ ಹಾಡು ನಿಲ್ಲಿಸಿ. ಒಂದು ಕಡೆ ಹತ್ತು ನಿಮಿಷ ಮಾತಿಲ್ಲದೆ ಕುಳಿತು, ಕೇಳಿದ ಬೇರೆ ಬೇರೆ ಸದ್ದುಗಳನ್ನು ಎಣಿಸಿ ಬರೆದುಕೊಳ್ಳಿ. ಹೆಸರು ಗೊತ್ತಿಲ್ಲದಿದ್ದರೆ ‘ಎರಡು ಸಲ ಕೂಗಿ ನಿಲ್ಲಿಸುವ ಹಕ್ಕಿ’ ಎಂದು ಬರೆದರೂ ಸಾಕು. ಫೋಟೋ ತೆಗೆಯುವವರು ಪ್ರಾಣಿಯ ಕಡೆಗೆ ನಡೆಯಬೇಡಿ, ಅದು ನಿಮ್ಮ ಕಡೆ ತಲೆ ಎತ್ತಿ ನೋಡಿದ ಕ್ಷಣವೇ ನೀವು ಅತಿ ಹತ್ತಿರ ಹೋಗಿದ್ದೀರಿ ಎಂದು ಅರ್ಥ. ಬಿದ್ದ ಗರಿ, ಕೋಡು, ಕಲ್ಲು ಯಾವುದನ್ನೂ ಚೀಲಕ್ಕೆ ಹಾಕಬೇಡಿ.

ಹೋಗಲಾಗದವರು ಬೇಸರಿಸಬೇಕಿಲ್ಲ. ‘ಸೀಸನ್‌ವಾಚ್’ ಎಂಬ ಯೋಜನೆ 2010ರಿಂದ ನಡೆಯುತ್ತಿದೆ. ದೇಶದ ಶಾಲಾ ಮಕ್ಕಳು ಮತ್ತು ಆಸಕ್ತರು ತಮ್ಮ ಊರಿನ ಒಂದು ಮರವನ್ನು ಆರಿಸಿಕೊಂಡು, ವಾರಕ್ಕೊಮ್ಮೆ ಅದರ ಚಿಗುರು, ಹೂವು, ಕಾಯಿಗಳನ್ನು ದಾಖಲಿಸುತ್ತಾರೆ. ಹವಾಮಾನ ಬದಲಾದಂತೆ ಮರಗಳ ಪಂಚಾಂಗ ಹಿಂದು ಮುಂದಾಗುತ್ತಿದೆಯೇ ಎಂದು ತಿಳಿಯಲು ಇಂಥ ಸಾವಿರಾರು ಟಿಪ್ಪಣಿಗಳು ಬೇಕು. ಇಜೇರಿಯ ಶಾಲೆಯಂಗಳದ ಬೇವು ಇದಕ್ಕೆ ಧಾರಾಳ ಸಾಕು. ನಿಮ್ಮ ವಹಿಯಲ್ಲಿ ಪ್ರತಿ ವಾರ ಒಂದೇ ವಾರದ ದಿನ, ಒಂದೇ ಮರದ ಕೆಳಗೆ ನಿಂತು ಬರೆಯಿರಿ: ಹಳೆಯ ಎಲೆ ಎಷ್ಟು, ಹೊಸ ಚಿಗುರು ಎಷ್ಟು, ಮೊಗ್ಗು, ಹೂವು, ಹಸಿರು ಕಾಯಿ, ಹಳದಿ ಹಣ್ಣು. ‘ಇಲ್ಲ’, ‘ಸ್ವಲ್ಪ’, ‘ಬಹಳ’ ಎಂಬ ಮೂರು ಅಳತೆ ಸಾಕು. ಬೇವಿನ ಹೂವು ಮೊದಲು ಕಂಡ ದಿನವನ್ನು ‘ಯುಗಾದಿಗೆ ನಾಲ್ಕು ದಿನ ಮೊದಲು’ ಎಂದು ಬರೆಯಬೇಡಿ. ಯುಗಾದಿ ಚಂದ್ರನ ಲೆಕ್ಕದ ಹಬ್ಬ. ಒಂದು ವರ್ಷ ಮಾರ್ಚಿಯ ನಡುವೆ ಬಂದರೆ ಇನ್ನೊಂದು ವರ್ಷ ಏಪ್ರಿಲಿನಲ್ಲಿ ಬರುತ್ತದೆ. ತಾರೀಖು, ತಿಂಗಳು, ಇಸವಿ ಬರೆಯಿರಿ.